ಬಂಗಾರಮ್ಮ ಕಟ್ಟಿದ ಎಂಜಿನ್

ಉಡುತಡಿಯ ಬಂಗಾರಮ್ಮ ಅಂಗನವಾಡಿ ಟೀಚರು. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ಸ್ವಂತ ದುಡಿಮೆಯಲ್ಲಿ ಹಳೇ ಪೆಟ್ರೋಲ್ ಕಾರೊಂದನ್ನು ತಗೊಂಡವಳು. ಮೂರು ಸಿಲಿಂಡರ್, ಎಂಟುನೂರು ಸಿಸಿಗೆ ಒಂಚೂರು ಕಮ್ಮಿ, ಕಾರ್ಬುರೇಟರ್ ಎಂಜಿನ್. ಚಳಿಗಾಲದಲ್ಲಿ ಚೋಕ್ ಎಳೆಯದೆ ಸ್ಟಾರ್ಟ್ ಆಗುತ್ತಿರಲಿಲ್ಲ; ಪೆಟ್ರೋಲಿನಲ್ಲಿ ಕಸ ಬಂದರೆ ಕಾರ್ಬುರೇಟರಿನ ಸಣ್ಣ ತೂತು, ಜೆಟ್, ಕಟ್ಟಿಕೊಂಡು ಮುಗ್ಗರಿಸುತ್ತಿತ್ತು. ಅದರ ಹಟವೆಲ್ಲ ಅವಳಿಗೆ ಗೊತ್ತು.

ಹೋದ ಬೇಸಿಗೆ ಜಡೆಗೆ, ತಂಗಿಯ ಮನೆಗೆ ಹೊರಟಾಗ ಸೊರಬದ ಹತ್ತಿರ ಎಂಜಿನ್ ಕಾದು ಬಿಳಿ ಹೊಗೆ ಉಗುಳಿತು. ಇಳಿದು ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಹಾಲು ಹೆಚ್ಚಾದ ಚಹಾದಂತಿತ್ತು. ಎಂಜಿನ್ನಿನ ಮೇಲ್ಮುಚ್ಚಳದ, ಅಂದರೆ ಹೆಡ್ಡಿನ, ಅಡಿಯ ಗ್ಯಾಸ್ಕೆಟ್ ಪಟ್ಟಿ ಹೋಗಿ ಆಯಿಲಿಗೆ ನೀರು ಇಳಿದಿತ್ತು. ಇನ್ನೊಮ್ಮೆ ಸ್ಟಾರ್ಟ್ ಮಾಡಿ ನೋಡೋಣ ಎಂದ ಗಂಡ ಮಹೇಶ್ವರಪ್ಪನನ್ನು ತಡೆದು, ಶಿಕಾರಿಪುರದ ಭೀಮಣ್ಣನ ಗ್ಯಾರೇಜಿಗೆ ಕಾರನ್ನು ಎಳೆಸಿಕೊಂಡು ಹೋದಳು.

ಗುಜರಿಗೆ ಹಾಕಿಬಿಡೋಣ ಎಂದು ಗಂಡ ಅಂದ. ಇಷ್ಟು ಹಳೇ ಗಾಡಿಗೆ ಕೂರೋಕೆ ತನಗೆ ಪುರುಸೊತ್ತಿಲ್ಲ ಎಂದು ಭೀಮಣ್ಣನೂ ಅಂದ.

"ನನಗೆ ರಜೆ ಐತ್ರಿ ಭೀಮಣ್ಣ. ನೀವು ಹೇಳಿಕೊಡ್ರಿ, ನಾನೇ ಕೈ ಹಚ್ತೀನಿ," ಅಂದಳು ಬಂಗಾರಮ್ಮ.

ಅವನು ನಕ್ಕ, ಆದರೂ ಪಾನಾ ಕೊಟ್ಟ. ಹೆಡ್ ಬಿಚ್ಚಿದಾಗ ಅದು ಕಾವಿಗೆ ಸೊಟ್ಟಗಾಗಿದ್ದು ಕಂಡಿತು. ಅದನ್ನು ಲೇತಿಗೆ ಕಳಿಸಿ ಸಮ ಮಾಡಿಸಿದರು. ಹೂಳು ಕಟ್ಟಿದ್ದ ರೇಡಿಯೇಟರನ್ನು ಅವಳು ತೊಳೆದಳು. ವಾಲ್ವುಗಳು ಬಿಗಿಯಾಗಿ ಕೂರಲೆಂದು ಉಜ್ಜುವ ಪೇಸ್ಟ್ ಹಚ್ಚಿ, ಎರಡೂ ಅಂಗೈ ನಡುವೆ ಕೋಲು ಹಿಡಿದು ಮಜ್ಜಿಗೆ ಕಡೆದ ಹಾಗೆ ತಿರುವಿದಳು. ಸೋರುತ್ತದೆಯೇ ಎಂದು ಮೊದಲ ಸಲ ಪೆಟ್ರೋಲ್ ಸುರಿದು ನೋಡಿದಾಗ ಒಂದು ವಾಲ್ವ್ ಜಿನುಗಿತು. ಭೀಮಣ್ಣ ಸಾಕು ಎಂದರೂ ಕೇಳದೆ ಮತ್ತೆ ಉಜ್ಜಿದಳು. ಹೊಸ ಗ್ಯಾಸ್ಕೆಟ್ ಕೂರಿಸಿ, ನಡುವಿನಿಂದ ಹೊರಗೆ ಬೋಲ್ಟುಗಳನ್ನು ಹಂತಹಂತವಾಗಿ ಬಿಗಿದು, ನೀರು ಬೆರೆತ ಆಯಿಲ್ ತೆಗೆದು ಹೊಸದು ಹಾಕಿದಳು.

ಕೀಲಿ ತಿರುಗಿಸಿದಾಗ ಎಂಜಿನ್ ಒಮ್ಮೆ ಕೆಮ್ಮಿತು, ಆಮೇಲೆ ಹದವಾಗಿ ಓಡಿತು. ಬಂಗಾರಮ್ಮ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಳು. ಕಣ್ಣು ತುಂಬಿತ್ತು.

ಮುಂದಿನ ವಾರವೇ ಜಡೆಗೆ ಹೊರಟರು. ದಾರಿಯುದ್ದಕ್ಕೂ ಕಾವಿನ ಮುಳ್ಳು ಅರ್ಧ ದಾಟಲಿಲ್ಲ. ಅಂಗಳದಲ್ಲಿ ಇಳಿದವನೇ ಮಹೇಶ್ವರಪ್ಪ, ಕಾಲಿಗೆ ನೀರು ಕೊಡಲು ಬಂದ ನಾದಿನಿಗೆ, "ಎಂಜಿನ್ ಬಿಚ್ಚಿ ಕಟ್ಟಿದ್ದು ನಿಮ್ಮಕ್ಕ ನೋಡವ್ವಾ," ಎಂದ. ಊಟಕ್ಕೆ ಕೂತಾಗ ಪಕ್ಕದ ಮನೆಯವರಿಗೂ ಅದನ್ನೇ ಹೇಳಿದ.

ಈಗ ಭಾನುವಾರ ಬಂತೆಂದರೆ ಬಂಗಾರಮ್ಮ ಗ್ಯಾರೇಜಿನಲ್ಲಿರುತ್ತಾಳೆ. ಹಳೇ ಪೆಟ್ರೋಲ್ ಗಾಡಿ ಬಂದರೆ ಭೀಮಣ್ಣ, "ಅಕ್ಕ ನೋಡ್ಲಿ ತಡೀರಿ," ಅಂತಾನೆ.