ಹಗ್ಗ ಕೊಡದೆ ಮಾರಿದ ಕಾರು

ಎರಡು ಕೆಲಸ ಆಗೋ ಮಾತಲ್ಲ ಎಂದು ಹೇಳಿದವನು ನಮ್ಮ ದೊಡ್ಡಪ್ಪ. ಒಂದು, ಅಪ್ಪನ ಕಾರು ಐಮಂಗಲ ದಾಟಿ ದುರ್ಗ ಮುಟ್ಟುವುದು. ಇನ್ನೊಂದು, ನಾನು ಡಿಗ್ರಿ ಮುಗಿಸುವುದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದ, ಮನೆಯ ಮುಂದೆ ಕೂತು ಕುರಿಮರಿಯ ಗೊರಸಿನಿಂದ ಮುಳ್ಳು ತೆಗೆಯುತ್ತ.

"ಆ ಡಬ್ಬ ದುರ್ಗಕ್ಕೆ ಹೋಗ್ಲಿ, ಈ ಹುಡುಗಿ ಡಿಗ್ರಿ ಮಾಡ್ಲಿ, ಆವತ್ತು ನಾನು ಪ್ಯಾಂಟು ಹಾಕ್ಕಂತೀನಿ."

ನಮ್ಮದು ಧರ್ಮಪುರದ ಕಡೆಯ ಕುರಿ ಕಾಯುವ ಮನೆ. ಅಪ್ಪನೊಬ್ಬ ಕುರಿ ಬಿಟ್ಟು ಹಿರಿಯೂರಿನ ಶೇಂಗಾ ಎಣ್ಣೆ ಮಿಲ್ಲಿಗೆ ಲಾರಿ ಕ್ಲೀನರಾಗಿ ಸೇರಿ, ಕೊನೆಗೆ ಮಿಲ್ಲಿನ ಸಾಹುಕಾರರ ಕಾರು ಓಡಿಸುವವನಾಗಿದ್ದ. ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ಸಾಹುಕಾರರು ಹೊಸ ಕಾರು ತಂದರು. ಹಳೆಯದನ್ನು ಅಪ್ಪನಿಗೇ ಕೊಟ್ಟರು. ಕಪ್ಪು ಬಣ್ಣದ, ದುಂಡು ಬೆನ್ನಿನ ವಿಲಾಯತಿ ಕಾರು. ಊರಿನಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರ ಮನೆಗೆ ಮದುಮಗಳು ಬರಬೇಕಾದರೂ ಅದೇ ಹೋಗುತ್ತಿತ್ತು.

ಹಿಂದಿನ ಸೀಟಿನ ಕಾಲಡಿ ಅಂಗೈಯಗಲದ ತೂತಿತ್ತು. ಅಪ್ಪ ಅದರ ಮೇಲೆ ಗೋಣಿತಾಟು ಹಾಸಿದ್ದ. ನಾನು ಅದನ್ನು ಕಾಲಿನಿಂದ ಸರಿಸಿ ಕೆಳಗೆ ಓಡುವ ನೆಲವನ್ನೇ ನೋಡುತ್ತಿದ್ದೆ. ಊರು ಬಿಡುವಾಗ ಕೆಂಪು, ಆಮೇಲೆ ಬೂದಿ, ಹಿರಿಯೂರು ಹತ್ತಿರವಾದಂತೆ ಕಪ್ಪು. ಕಿಟಕಿಯಲ್ಲಿ ಎಲ್ಲರೂ ನೋಡುವುದು ಒಂದೇ. ತೂತಿನಲ್ಲಿ ನಾನು ನೋಡಿದ್ದು ಮಾತ್ರ ನನ್ನದು.

ಒಂದು ದಿನ ಅಪ್ಪ ಎಂಜಿನ್ ಬಿಚ್ಚಿ ಸಾಮಾನುಗಳನ್ನು ಗೋಣಿತಾಟಿನ ಮೇಲೆ ಹರಡಿಕೊಂಡು ಕೂತಿದ್ದಾಗ ಕೇಳಿದೆ, ಪೆಟ್ರೋಲು ಕುಡಿದರೆ ಗಾಲಿ ಯಾಕೆ ತಿರುಗಬೇಕು ಎಂದು.

"ಒಳಗೆ ನಾಕು ಒನಕೆ ಅವೆ ಕಣವ್ವ. ನಾಕು ಹೆಂಗಸ್ರು ಒಂದೇ ಒರಳಿಗೆ ಸರದಿ ಮೇಲೆ ಕುಟ್ಟಾದು ನೋಡಿಲ್ವ? ಹಂಗೆ."

"ಸರದಿ ತಪ್ಪದಂಗೆ ಅವಕ್ಕೆ ಯಾರು ಹೇಳ್ತಾರೆ?"

ಅಪ್ಪ ಕೈಯೊರೆಸಿಕೊಂಡು ನನ್ನನ್ನೇ ನೋಡಿದ. "ಅದು ಗೊತ್ತಿದ್ರೆ ನಾನ್ಯಾಕೆ ಇಷ್ಟು ವರ್ಷ ಇನ್ನೊಬ್ಬರ ಕಾರು ಓಡಿಸ್ತಿದ್ದೆ? ಓದ್ಕಂಡು ಬಂದು ನೀನೇ ಹೇಳು."

ನಾನು ಸೈನ್ಸ್ ತಗೊಂಡದ್ದಕ್ಕೆ ಬೇರೆ ಕಾರಣವಿಲ್ಲ.

ಆ ಕಾರಿಗೆ ಸೆಲ್ಫ್ ಸ್ಟಾರ್ಟ್ ಕೆಟ್ಟು ಎಷ್ಟೋ ಕಾಲವಾಗಿತ್ತು. ಮೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುವಿದರೇ ಏಳುತ್ತಿದ್ದದ್ದು. ಆ ಕೆಲಸ ದೊಡ್ಡಪ್ಪನದು. ಬೈದುಕೊಂಡೇ ಬರುತ್ತಿದ್ದ, ಕಂಬಳಿ ಹೆಗಲಿಂದ ತೆಗೆದು ಕಲ್ಲಿನ ಮೇಲಿಡುತ್ತಿದ್ದ, ಹ್ಯಾಂಡಲ್ ಹಿಡಿಯುತ್ತಿದ್ದ. ಹೆಬ್ಬೆರಳು ಸುತ್ತಿ ಹಿಡಿಯಬಾರದು, ಎಂಜಿನ್ ಹಿಂದಕ್ಕೆ ಒದ್ದರೆ ಮೂಳೆ ಹೋಗುತ್ತದೆ. ಎರಡು ಸಲ ತೂಗಿ ನೋಡಿ, ಮೂರನೆಯದಕ್ಕೆ ಕುರಿಗೆ ಹಾಕುವಂಥ ಒಂದು ಕೂಗು ಹಾಕಿ ತಿರುವುತ್ತಿದ್ದ. ಕಾರು ಗುರ್ ಎಂದೇಳುತ್ತಿತ್ತು. ಅಷ್ಟಾದರೂ ದೊಡ್ಡಪ್ಪ ಒಳಗೆ ಮಾತ್ರ ಕೂರುತ್ತಿರಲಿಲ್ಲ.

ಅವನು ಕೂತದ್ದು, ನಾನು ದುರ್ಗದ ಕಾಲೇಜಿಗೆ ಸೇರುವ ದಿನ. ದಾರಿಯಲ್ಲಿ ಕಾರು ನಿಂತರೆ ಹ್ಯಾಂಡಲ್ ಹೊಡೆಯಲು ಜನ ಬೇಕಿತ್ತಲ್ಲ. ಐಮಂಗಲದ ಹತ್ತಿರ ಮೂತಿಯಿಂದ ಹಬೆ ಎದ್ದಿತು. ದೊಡ್ಡಪ್ಪ ಇಳಿದು ಅದರ ಮೇಲೆ ಅಂಗೈಯಿಟ್ಟು ನೋಡಿದ. "ಮೈ ಸುಡ್ತಾ ಐತೆ. ನೀರು ಕುಡಿಸಿ ನೆಳ್ಳಾಗೆ ನಿಲ್ಸು. ಅವಸರ ಮಾಡಬ್ಯಾಡ."

ಹುಣಸೆಮರದ ಕೆಳಗೆ ಒಂದು ಗಂಟೆ ನಿಂತೆವು. ಆಮೇಲೆ ಕೋಟೆಯ ಬಂಡೆಗಳು ಕಂಡವು. ಹಾಸ್ಟೆಲ್ಲಿನ ಗೇಟಿನಲ್ಲಿ ಅಪ್ಪ ಎಂಜಿನ್ ಆರಿಸಿ, "ಏನಣ್ಣ, ಪ್ಯಾಂಟು ಹೊಲ್ಸಾಣ್ವ?" ಎಂದ.

"ಇನ್ನೊಂದು ಬಾಕಿ ಐತಲ್ಲಪ್ಪ" ಎಂದ ದೊಡ್ಡಪ್ಪ, ನನ್ನ ಟ್ರಂಕು ಇಳಿಸುತ್ತ.

ಆ ಇನ್ನೊಂದು ಸುಲಭವಾಗಿ ಆಗಲಿಲ್ಲ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಗಣಿತದಲ್ಲಿ ಒಮ್ಮೆ ಫೇಲಾದೆ, ಮತ್ತೆ ಕಟ್ಟಿದೆ. ಭೌತಶಾಸ್ತ್ರದ ಪರೀಕ್ಷೆಯಲ್ಲಿ ಎಂಜಿನ್ನಿನ ಚಿತ್ರ ಬರೆದು ವಿವರಿಸಿ ಎಂದು ಕೇಳಿದಾಗ ಪುಸ್ತಕ ನೆನಪಿಗೆ ಬರಲಿಲ್ಲ. ಗೋಣಿತಾಟು ಬಂತು, ನಾಲ್ಕು ಒನಕೆ ಬಂದವು. ಪಾಸಾಗಿ ಊರಿಗೆ ಬಂದು, ಸರದಿ ಕಾಯುವುದು ಯಾರು ಎಂದು ನೆಲದ ಮೇಲೆ ಗೆರೆ ಎಳೆದು ಅಪ್ಪನಿಗೆ ತೋರಿಸಿದೆ. ಅಪ್ಪ ಬಹಳ ಬಗ್ಗಿ ನೋಡಿದ. ಆಗಲೇ ನನಗೆ ತಿಳಿಯಬೇಕಿತ್ತು, ಅಷ್ಟು ಬಗ್ಗಿದ್ದು ಕಣ್ಣು ಮಂಜಾಗಿದ್ದಕ್ಕೆ ಎಂದು.

ಒಂದು ಸಂಜೆ ಅಪ್ಪ, ಎದುರಿಗೆ ಬರುತ್ತಿದ್ದ ನಮ್ಮದೇ ಕುರಿಹಿಂಡಿನ ಮೇಲೆ ಕಾರು ಬಿಟ್ಟುಕೊಂಡು ಬಂದ. ದೊಡ್ಡಪ್ಪ ಕೂಗಿದ್ದಕ್ಕೆ ಬ್ರೇಕು ಹಾಕಿದ. ಕುರಿಗೇನೂ ಆಗಲಿಲ್ಲ. ಅಪ್ಪ ಇಳಿದು, ಮನೆಯವರೆಗೆ ನಡೆದೇ ಬಂದ. ಮಾರನೆಯ ದಿನ, "ಕೊಟ್ಬಿಡಾಣ" ಎಂದ.

ಹೊಳಲ್ಕೆರೆಯ ಗ್ಯಾರೇಜಿನವರೊಬ್ಬರು ಬಂದರು. ಮಾರಾಟದ ಕಾಗದ ಇಂಗ್ಲಿಷಿನಲ್ಲಿರಲಿ ಎಂದರು. ಬರೆದವಳು ನಾನು. ಡಿಗ್ರಿ ಮನೆಗೆ ಬಂದ ಮೇಲೆ ಅದು ಮಾಡಿದ ಮೊದಲ ಕೆಲಸವೇ ಇದು. ಒಂದೂ ತಪ್ಪಿಲ್ಲದೆ, ಅಕ್ಷರ ದುಂಡಗೆ ಮಾಡಿ ಬರೆದೆ. ಬರೆಯುವಾಗ ಹೆಮ್ಮೆಯಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಆ ಎಂಜಿನ್ನಿನ ಒಳಗೆಲ್ಲ ತಿಳಿದಿದ್ದ ನನಗೆ, ಸ್ಟೇರಿಂಗ್ ಹಿಂದೆ ನಾನೇ ಕೂರಬಹುದು ಎಂಬುದು ಹೊಳೆಯಲೇ ಇಲ್ಲ. ಅಪ್ಪನಿಗೂ ಹೊಳೆಯಲಿಲ್ಲ. ಕಲಿಸು ಎಂದು ಕೇಳಿದ್ದರೆ ಬೇಡ ಎನ್ನುತ್ತಿದ್ದನೇ? ಮುಂದೆ ಹೊಸದುರ್ಗದಲ್ಲಿ ಹೈಸ್ಕೂಲಿಗೆ ಪಾಠ ಮಾಡುವಾಗ, ಬಸ್ಸು ಹೊಳಲ್ಕೆರೆಯಲ್ಲಿ ನಿಂತ ಪ್ರತಿ ಸಲ ಕಿಟಕಿಯಿಂದ ಕಪ್ಪು ಕಾರು ಹುಡುಕುತ್ತಿದ್ದೆ. ಯಾರು ಓಡಿಸುತ್ತಿರಬಹುದು, ಆ ತೂತು ಮುಚ್ಚಿಸಿದರೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಒಮ್ಮೆಯೂ ಕಾಣಲಿಲ್ಲ.

ಕಾಗದ ಬರೆದೆನೇ ಹೊರತು, ಕಾರಿನ ರಿಜಿಸ್ಟ್ರೇಷನ್ ಸರ್ಟಿಫಿಕೇಟನ್ನು ಕೊಡಲು ಆವತ್ತು ನನ್ನ ಕೈ ಬರಲಿಲ್ಲ. ಅಪ್ಪ ಟ್ರಂಕಿನಲ್ಲೆಲ್ಲ ಹುಡುಕಿದ. ಅದು ನನ್ನ ಫೈಲಿನಲ್ಲಿ, ಡಿಗ್ರಿ ಸರ್ಟಿಫಿಕೇಟಿನ ಕೆಳಗಿತ್ತು. ಬೆಳಿಗ್ಗೆಯೇ ಅಲ್ಲಿಟ್ಟಿದ್ದೆ. ಇಟ್ಟು ಏನು ಮಾಡಬೇಕೆಂದು ಮಾತ್ರ ಗೊತ್ತಿರಲಿಲ್ಲ. "ಸಿಕ್ಕಿದ ಮ್ಯಾಲೆ ಕಳಿಸ್ತೀವ್ರಿ" ಎಂದ ಅಪ್ಪ. ದೊಡ್ಡಪ್ಪ ಕೊನೆಯ ಸಲ ಹ್ಯಾಂಡಲ್ ಹೊಡೆದ. ಕಾರು ಹೋಯಿತು.

ಮಾರನೆಯ ದಿನ ಮಧ್ಯಾಹ್ನ ಗ್ಯಾರೇಜಿನವರು ಬಸ್ಸಿನಲ್ಲಿ ಬಂದಿಳಿದರು. ಅಂಗಿಯೆಲ್ಲ ಧೂಳು.

"ಹ್ಯಾಂಡಲ್ ಎಲ್ರಿ? ಹಿರಿಯೂರಾಗೆ ಟೀ ಕುಡಿಯಾಕೆ ನಿಲ್ಸಿದೆ. ಆಮ್ಯಾಲೆ ಊರ ಜನ ಎಲ್ಲ ಸೇರಿ ನೂಕಿದ್ರೂ ಏಳ್ಲಿಲ್ಲ."

ಅಪ್ಪ ನನ್ನ ಮುಖ ನೋಡಿದ, ನಾನು ಅಪ್ಪನ ಮುಖ ನೋಡಿದೆ. ದೊಡ್ಡಪ್ಪ ಕಟ್ಟೆಯ ಮೇಲಿಂದ ಏಳದೆ, ಪಕ್ಕದ ಕಂಬಳಿಯ ಮಡಿಕೆ ಬಿಚ್ಚಿ ತೋರಿಸಿದ. ಹ್ಯಾಂಡಲ್ ಅಲ್ಲಿತ್ತು.

"ಎತ್ತು ಮಾರ್ದೋರು ಹಗ್ಗ ಕೊಡ್ತಾರೇನ್ರಿ? ಕೊಂಡೋರು ತಮ್ಮ ಹಗ್ಗ ತರಬೇಕು."

"ಯಜಮಾನ್ರೆ, ಅದು ಕಾರು."

"ಆಗ್ಲಿ. ಹಗ್ಗ ಕೊಟ್ರೆ ಕೊಟ್ಟಿಗೆ ಬರಿದಾಗ್ತೈತೆ. ನಮ್ಮನೇಲಿ ಕೊಡಾ ಪದ್ಧತಿ ಇಲ್ಲ."

ನಮ್ಮಲ್ಲಿ ದನ ಮಾರಿದರೆ ಹಾಗೆಯೇ. ಹಗ್ಗ ಮನೆಯಲ್ಲುಳಿದರೆ ಇನ್ನೊಂದು ದನ ಬರುತ್ತದೆ ಎಂದು ನಂಬಿಕೆ. ಆದರೆ ಅದು ಕಾರಿಗೂ ಸಲ್ಲುತ್ತದೆ ಎಂದು ಯಾರು ತಿಳಿದಿದ್ದರು? ಗ್ಯಾರೇಜಿನವರು ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಜೋರಾಗಿ ನಕ್ಕು, ಕಟ್ಟೆಯ ಮೇಲೆ ದೊಡ್ಡಪ್ಪನ ಪಕ್ಕ ಕೂತರು.

"ನಮ್ಮಪ್ಪನೂ ಹಿಂಗೇ ಅಂತಿದ್ದ. ಇರ್ಲಿ ಬಿಡ್ರಿ, ಕಮ್ಮಾರನ ಹತ್ರ ಒಂದು ಬಡಿಸ್ಕಂತೀನಿ. ಸರ್ಟಿಫಿಕೇಟಾದ್ರೂ ಸಿಕ್ತಾ?"

ದೊಡ್ಡಪ್ಪ ಬಚ್ಚಿಟ್ಟದ್ದಕ್ಕೆ ಒಂದು ಪದ್ಧತಿಯಿತ್ತು. ನನ್ನದಕ್ಕೆ ಏನೂ ಇರಲಿಲ್ಲ. ಒಳಗೆ ಹೋಗಿ ಫೈಲು ತಂದೆ. ಎರಡು ಸರ್ಟಿಫಿಕೇಟೂ ಒಂದರ ಮೇಲೊಂದು ಇದ್ದವು. ಅಪ್ಪನೂ ಅದನ್ನು ಕಂಡ. ಕೆಳಗಿನದನ್ನು ಎಳೆದು ಗ್ಯಾರೇಜಿನವರ ಕಡೆ ಚಾಚಿದೆ.

ಓದು ಬಾರದ ದೊಡ್ಡಪ್ಪ ಹ್ಯಾಂಡಲ್ಲನ್ನು ಮತ್ತೆ ಕಂಬಳಿಯೊಳಗೆ ಸುತ್ತುತ್ತ ಹೇಳಿದ:

"ಸರಿಯಾಗಿ ನೋಡಿ ಕೊಡವ್ವ. ನಿನ್ನ ಡಿಗ್ರಿ ಹೋದ್ರೆ ಹಿಡ್ಕಳಾಕೆ ಹಗ್ಗಾನೂ ಇಲ್ಲ."