ಅಟ್ಟದ ಆಟ ಫೋನಿಗೆ ಇಳಿದದ್ದು

ನನ್ನ ಮಗನ ಹೆಬ್ಬೆರಳು ಕಿರುಬೆರಳನ್ನು ಮುಟ್ಟಿತು! ನಿನ್ನೆ ಬೆಳಿಗ್ಗೆ, ಪುತ್ತೂರಿನ ಆಸ್ಪತ್ರೆಯಲ್ಲಿ, ಡಾಕ್ಟರಮ್ಮನ ಎದುರು. ಒಂದು ಸಲ ಮುಟ್ಟಿದಾಗ ನಾನು ನಂಬಲಿಲ್ಲ. ಇನ್ನೊಮ್ಮೆ ಮಾಡು ಎಂದೆ. ಮೂರು ಸಲ ಮಾಡಿ ತೋರಿಸಿದ. ಮಳೆ ಬಿಟ್ಟ ಮೇಲೆ ರಬ್ಬರ್ ಟ್ಯಾಪಿಂಗಿಗೆ ಹೋಗಬಹುದು ಎಂದು ಡಾಕ್ಟರಮ್ಮನೇ ಹೇಳಿದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಈ ಸುದ್ದಿ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂದು ಮೊಮ್ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರು ಸುಳ್ಯದ ಹತ್ತಿರದ ಐವರ್ನಾಡು. ರಬ್ಬರಿನಿಂದ ಬದುಕುವ ಮನೆ. ಹಾಲು ಇಳಿಸಲು ಮರದ ತೊಗಟೆ ಕೆತ್ತುವ ಟ್ಯಾಪಿಂಗ್ ಕತ್ತಿ ಹಿಡಿಯಲು ಬೇಕಾದ್ದು ತೋಳಿನ ಬಲ ಅಲ್ಲ, ಹೆಬ್ಬೆರಳಿನ ಹದ. ಹೆಬ್ಬೆರಳು ತಪ್ಪಿದರೆ ತೊಗಟೆ ದಾಟಿ ಮರಕ್ಕೇ ಗಾಯ. ಬೇಸಿಗೆಯಲ್ಲಿ ಅರಂತೋಡಿನ ಹತ್ತಿರ ಬೈಕು ಜಾರಿ ಮಗನ ಬಲಗೈ ಮುರಿಯಿತು. ಪ್ಲಾಸ್ಟರ್ ಬಿಚ್ಚಿದಾಗ ಬೆರಳುಗಳೆಲ್ಲ ಅಷ್ಟಿಷ್ಟು ಅಲ್ಲಾಡಿದವು, ಹೆಬ್ಬೆರಳು ಮಾತ್ರ ಗೂಟದ ಹಾಗೆ ನಿಂತಿತು. ಒತ್ತಿ ಒತ್ತಿ ಬಗ್ಗಿಸಬೇಕು, ಇಲ್ಲವಾದರೆ ಹಾಗೆಯೇ ಉಳಿಯುತ್ತದೆ ಎಂದು ಹೇಳಿ ಡಾಕ್ಟರಮ್ಮ ಒಂದು ಮೆತ್ತನೆಯ ಚೆಂಡು ಕೊಟ್ಟರು. ಅವನು ಎರಡು ದಿನ ಒತ್ತಿದ. ಮೂರನೇ ದಿನ ಚೆಂಡು ಮಂಚದ ಅಡಿಗೆ ಹೋಯಿತು.

ಮೊಮ್ಮಗಳು ಸುಳ್ಯದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುತ್ತಾಳೆ. ಸ್ವಲ್ಪ ದಿನ ಕಳೆದು ನೋಡುತ್ತೇನೆ, ಸಂಜೆ ಅವಳು ಬಂದ ಕೂಡಲೇ ಅಪ್ಪ ಮಗಳು ಫೋನಿನ ಮೇಲೆ ತಲೆ ಕೂಡಿಸಿ ಕೂರುತ್ತಾರೆ. ನಾನು ಹತ್ತಿರ ಹೋದರೆ ಫೋನು ಕವುಚಿ ಬೀಳುತ್ತದೆ. ನಾನು ಸಂಶಯದ ಹೆಂಗಸು, ಮುಚ್ಚಿಡುವುದು ಎಂತಕ್ಕೆ? ಕಿವಿರು ಎತ್ತಿ ನೋಡದೆ ಒಂದು ಬಂಗುಡೆ ಮೀನು ತೆಗೆದುಕೊಂಡವಳಲ್ಲ. ಮಂಡೆಕೋಲಿನಲ್ಲಿ ನಮ್ಮ ಸಂಬಂಧದವನೊಬ್ಬ ಫೋನಿನಲ್ಲಿ ಇಸ್ಪೀಟು ಆಡಿ ಹೆಂಡತಿಯ ಕೊರಳು ಬರಿದು ಮಾಡಿದ್ದು ಗೊತ್ತಿತ್ತು. ಕೈಲಾಗದೆ ಮನೆಯಲ್ಲಿ ಕೂತ ಗಂಡಸಿಗೆ ಅದೇ ದಾರಿ ಎಂದು ನನ್ನ ಲೆಕ್ಕ.

ಒಂದು ಸಂಜೆ ಅಪ್ಪನ ಫೋನು ಹಿಡಿದು ಕೂತಿದ್ದ ಮೊಮ್ಮಗಳ ಬೆನ್ನ ಹಿಂದೆ ನಿಂತು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಗುರುತಿಲ್ಲದ ಆ್ಯಪ್‌ನಿಂದ ಫೋನಿಗೆ ಹಾನಿ ಆಗಬಹುದು ಎಂದು ಕನ್ನಡದಲ್ಲೇ ಬರೆದಿತ್ತು. ಅವಳು ಅದನ್ನು ಓದಲೂ ಇಲ್ಲ, ಅನುಮತಿ ಎಂದಿದ್ದಲ್ಲಿ ಒತ್ತಿಬಿಟ್ಟಳು.

"ಎಂತ ಅದು?" ಎಂದೆ.

"ಎಂತ ಇಲ್ಲ ಅಜ್ಜಿ. ಫೋನಿನೊಳಗಿನ ಆ್ಯಪ್ ಅಂಗಡಿಯಲ್ಲಿ ಇಲ್ಲದ್ದನ್ನು ಹೊರಗಿಂದ ಹಾಕುದು."

"ಹೊರಗಿಂದ ಯಾರು ಕೊಟ್ಟದ್ದು?"

"ಯಾರೋ ಮಾಡಿ ಎಲ್ಲರಿಗೂ ಧರ್ಮಕ್ಕೆ ಬಿಟ್ಟಿದ್ದಾರೆ."

ಧರ್ಮಕ್ಕೆ ಎಂದ ಕೂಡಲೇ ನನ್ನ ಸಂಶಯ ಎರಡರಷ್ಟಾಯಿತು. ಕಡಬದಲ್ಲಿರುವ ಮಗಳ ಹತ್ತಿರ ಗಲ್ಫಿನಿಂದ ಬಂದ ದೊಡ್ಡ ಫೋನು ಉಂಟು. ಅದರಲ್ಲಿ ಹೀಗೆ ಹೊರಗಿನದ್ದನ್ನು ಸುಲಭದಲ್ಲಿ ಹಾಕಲಾಗುವುದಿಲ್ಲವಂತೆ. ಅದರ ಕೀಲಿಕೈ ಕಂಪೆನಿಯ ಹತ್ತಿರ, ಅಪ್ಪನ ಫೋನಿನ ಕೀಲಿಕೈ ನಮ್ಮದೇ ಕೈಯಲ್ಲಿ ಎಂದು ಮೊಮ್ಮಗಳು ದೊಡ್ಡ ಸಂಗತಿಯ ಹಾಗೆ ಹೇಳಿದಳು. ಹಾಗಾದರೆ ಆ ಫೋನಿಗೆ ಕಾವಲುಗಾರ ಇದ್ದಾನೆ, ಇದು ಬಾಗಿಲು ಹಾಕದ ಮನೆ ಎಂದೇ ನನಗೆ ಅರ್ಥವಾಯಿತು.

ಮರುದಿನ ಮಗ ಸ್ನಾನಕ್ಕೆ ಹೋದಾಗ ಫೋನಿನ ಬಾಯಿ ಮುಚ್ಚಿಸಿ ಡಬ್ಬದೊಳಗೆ ಕುಚ್ಚಲಕ್ಕಿಯ ಅಡಿಗೆ ಹುಗಿದೆ. ನಾಲ್ಕು ದಿನ ಅದು ಅಲ್ಲಿತ್ತು. ಮಗ ತಲೆದಿಂಬು ಎತ್ತಿ ನೋಡಿದ, ಬೈಕಿನ ಪೆಟ್ಟಿಗೆ ನೋಡಿದ, ನನ್ನನ್ನು ಮಾತ್ರ ಕೇಳಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡೆ. ಮನೆ ಉಳಿಸಿದೆ ಎಂಬ ಸಮಾಧಾನದಲ್ಲಿ ಎರಡು ತುತ್ತು ಹೆಚ್ಚೇ ಉಂಡೆ.

ಐದನೇ ದಿನ ಅಕ್ಕಿ ಅಳೆಯಲು ಹೋದ ಸೊಸೆಯ ಸೇರಿಗೆ ಫೋನು ಸಿಕ್ಕಿತು.

"ಅತ್ತೆ, ಇದು ನೀರಿಗೆ ಬಿದ್ದದ್ದಾ?"

ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಇಡುವುದು ನಮ್ಮಲ್ಲಿ ಎಲ್ಲರೂ ಮಾಡುವ ಮದ್ದು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ನಾನು ಡಬ್ಬದ ಮುಚ್ಚಳ ಒರೆಸತೊಡಗಿದೆ. ಮಗ ನನ್ನ ಮುಖ ನೋಡಿದ, ಅವನಿಗೆ ಗೊತ್ತಾಯಿತು.

"ಅವ್ವ, ಅದು ಇಸ್ಪೀಟಲ್ಲ," ಎಂದ. "ನೀನು ಅಟ್ಟಕ್ಕೆ ಹಾಕಿದ ಆಟವೇ."

ಅವನು ಹತ್ತನೇ ಕ್ಲಾಸಿನಲ್ಲಿರುವಾಗ ಟಿ.ವಿ.ಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮಿನ ಹುಚ್ಚು ಹಿಡಿಸಿಕೊಂಡಿದ್ದ. ಪರೀಕ್ಷೆ ಹತ್ತಿರ ಬಂದಾಗ ಪೆಟ್ಟಿಗೆ, ಕ್ಯಾಸೆಟ್ಟು ಎಲ್ಲವನ್ನೂ ಗೊಬ್ಬರದ ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಎಸೆದವಳು ನಾನೇ. ಆಮೇಲೆ ಇಳಿಸಿ ಕೊಡಲಿಲ್ಲ. ಮೊಮ್ಮಗಳು ಅದನ್ನು ಇಳಿಸಿದ್ದಾಳೆ. ಪೆಟ್ಟಿಗೆ ಸತ್ತಿತ್ತು, ಕ್ಯಾಸೆಟ್ಟಿನಲ್ಲಿ ಜೀವ ಇತ್ತು. ಕಾಲೇಜಿನ ಮಾಸ್ತರರೊಬ್ಬರು ಯಾವುದೋ ಯಂತ್ರದಿಂದ ಆಟವನ್ನು ಅದರೊಳಗಿನಿಂದ ತೆಗೆದುಕೊಟ್ಟರಂತೆ. ಅವಳು ಹೊರಗಿಂದ ಹಾಕಿದ್ದು ಫೋನಿಗೆ ಹಳೆಯ ಪೆಟ್ಟಿಗೆಯ ವೇಷ ಹಾಕಿಸುವ ಆ್ಯಪ್. ಎಮ್ಯುಲೇಟರ್ ಎನ್ನುತ್ತಾರೆ. ಬಲಮೂಲೆಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಸಣ್ಣ ಮನುಷ್ಯ ಹೊಂಡ ಹಾರುತ್ತಾನೆ. ತಡವಾದರೆ ಬೀಳುತ್ತಾನೆ. ಚೆಂಡು ಒತ್ತದವನು ಆ ಮನುಷ್ಯನನ್ನು ಉಳಿಸಲು ದಿನಕ್ಕೆ ನೂರಾರು ಸಲ ಒತ್ತುತ್ತಿದ್ದ. ಪ್ರಾಯದ ಮಗಳಿರುವವನು ಅಮ್ಮನ ಎದುರು ಅದೇ ಆಟ ಆಡಲು ನಾಚಿ ಅಡಗಿಸಿದ್ದು, ಅಷ್ಟೆ.

ಅವನು ಕೈ ಚಾಚಿ ತೋರಿಸಿದ. ಉಂಗುರದ ಬೆರಳಿನವರೆಗೆ ಬಂದಿದ್ದ ಹೆಬ್ಬೆರಳು ನಾಲ್ಕು ದಿನದಲ್ಲಿ ನಡುಬೆರಳಿಗೆ ಹಿಂದೆ ಹೋಗಿತ್ತು. ನಾನು ಡಬ್ಬಕ್ಕೆ ಹಾಕಿದ್ದು ಫೋನನ್ನಲ್ಲ, ಅವನ ಹೆಬ್ಬೆರಳನ್ನೇ.

ಅವತ್ತಿನಿಂದ ಗಂಜಿ ಕುಡಿದ ಕೂಡಲೇ ನಾನೇ ಫೋನು ಕೊಟ್ಟು ಆಡು ಎನ್ನುತ್ತಿದ್ದೆ. ಆದರೆ ಪಕ್ಕದಲ್ಲೇ ಕೂತು ಕಾಯುತ್ತಿದ್ದೆ. ಬ್ಯಾಂಕಿನ ನಂಬರು ಈ ಫೋನಿನಲ್ಲಿ ಇರಬಾರದು ಎಂದು ಹಟ ಹಿಡಿದು ಸಿಮ್ಮನ್ನು ಸೊಸೆಯ ಫೋನಿಗೆ ಹಾಕಿಸಿದೆ. ಅಜ್ಜಿ ಹೇಳುದು ಸರಿ ಎಂದು ಮೊಮ್ಮಗಳೂ ಒಪ್ಪಿದಳು. ಇನ್ನು ಮುಂದೆ ಈ ಫೋನಿಗೂ ಹೊರಗಿನದ್ದನ್ನು ಹಾಕುವುದು ಕಷ್ಟ ಮಾಡುತ್ತಾರಂತೆ, ಆ್ಯಪ್ ಮಾಡಿದವರ ಗುರುತು ಕಂಪೆನಿಗೆ ಗೊತ್ತಿರಬೇಕಂತೆ ಎಂದು ಅವಳೇ ಇನ್ನೊಂದು ದಿನ ಹೇಳಿದಳು. ನಮ್ಮ ಬಾಗಿಲಿಗೆ ಬೀಗ ಹಾಕಲು ಅವರು ಯಾರು ಎಂದು ಕೇಳಿದೆ.

"ತೆರೆದ್ರೂ ಸಂಶಯ, ಮುಚ್ಚಿದ್ರೂ ಸಂಶಯ. ನಿಮ್ಮದು ಎಂತ ಅಜ್ಜಿ?"

"ಬಾಗಿಲು ಇರುವಷ್ಟು ದಿನ ಸಂಶಯವೂ ಇರಬೇಕು ಮಾರಾಯ್ತಿ. ಹೊರಗಿನವನ ಮೇಲೂ ಬೇಕು, ಬೀಗ ತರುವವನ ಮೇಲೂ ಬೇಕು."

ನಿನ್ನೆ ಪುತ್ತೂರಿನಿಂದ ಬರುವಾಗಲೇ ಕೋಳಿ ತಂದೆವು. ಕಡಬದ ಮಗಳಿಗೆ ಫೋನು ಮಾಡಿ ಬರಹೇಳಿದೆ. ಸಂಜೆ ಅಕ್ಕಿ ರೊಟ್ಟಿ, ಕೋಳಿ ಸಾರು. ನಾವು ಐದು ಜನವೂ ಒಟ್ಟಿಗೇ ನೆಲದ ಮೇಲೆ ಕೂತೆವು. ಮಗ ಬಲಗೈಯಲ್ಲೇ ರೊಟ್ಟಿ ಮುರಿದ. ಮೊದಲ ತುಂಡು ಜಾರಿ ಬಟ್ಟಲಿಗೆ ಬಿತ್ತು. ಎಲ್ಲರೂ ತಮ್ಮ ತಮ್ಮ ಬಟ್ಟಲು ನೋಡಿಕೊಂಡರು. ಎರಡನೆಯದನ್ನು ಹೆಬ್ಬೆರಳಿನಿಂದ ಗಟ್ಟಿ ಹಿಡಿದು ಸಾರಿಗೆ ಅದ್ದಿ ಬಾಯಿಗಿಟ್ಟ. ಉಪ್ಪು ಸ್ವಲ್ಪ ಕಮ್ಮಿ ಉಂಟು ಎಂದ. ಸೊಸೆ ಎದ್ದು ಉಪ್ಪು ತಂದಳು, ನಾನು ಅವನ ಬಟ್ಟಲಿಗೆ ಇನ್ನೊಂದು ರೊಟ್ಟಿ ಹಾಕಿದೆ.