ರೊಟ್ಟಿ ತಟ್ಟುವ ಕೈಗೆ ಸಿಕ್ಕ ಹಾಡು

ಹೊಸದುರ್ಗದಲ್ಲಿ ಕೊಬ್ಬರಿ ಅಂಗಡಿಯೊಂದರ ಮಹಡಿಯ ಮೇಲೆ ಭಾನುವಾರ ಸಂಜೆ ನಾವು ಕೆಲವರು ಸ್ವಿಂಗ್ ಕುಣಿಯುತ್ತೇವೆ. ಹೇಳಿದರೆ ಯಾರೂ ನಂಬುವುದಿಲ್ಲ. ಮೈಸೂರಿನಿಂದ ಇಲ್ಲಿಗೆ ಸೊಸೆಯಾಗಿ ಬಂದ ಹುಡುಗಿಯೊಬ್ಬಳು ನಮಗೆ ಟೀಚರು. ಸ್ವಿಂಗ್ ಅಂದರೆ ಅಮೆರಿಕದ ಹಳೆಯ ಕಾಲದ ಜೋಡಿ ಕುಣಿತ. ಒಬ್ಬರು ನಡೆಸಬೇಕು, ಇನ್ನೊಬ್ಬರು ಅವರ ಕೈಯ ಸನ್ನೆಯಂತೆ ನಡೆಯಬೇಕು. ಜಿಗಿತ, ಸುತ್ತು ಎಲ್ಲ ಹುಡುಗರಿಗೆ. ನಿಧಾನದ ಬಗೆಯೂ ಒಂದಿದೆ. ಮಂಡಿ ನೋವಿನ ನಮ್ಮಂಥವರಿಗೆ ಕೊನೆಯ ಅರ್ಧ ಗಂಟೆ ಅದೇ. ಆ ಅರ್ಧ ಗಂಟೆಗೆ ಹಾಡು ಆರಿಸುತ್ತಿದ್ದವಳು ನನ್ನ ಅಕ್ಕ.

ನಾವಿಬ್ಬರೂ ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಖಾನಾವಳಿ ನಡೆಸುತ್ತಿದ್ದೆವು. ನಾನು ಒಲೆಯ ಮುಂದೆ ಕೂತು ರೊಟ್ಟಿ ತಟ್ಟುವುದು, ಅವಳು ಓಡಾಡಿ ಬಡಿಸುವುದು. ಕುಣಿತದಲ್ಲೂ ಹಾಗೆಯೇ, ನಡೆಸುವವಳು ಅವಳು. ನನಗೆ ಎಡ ಬಲ ನೆನಪಿಟ್ಟುಕೊಳ್ಳುವ ಕಷ್ಟವೇ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡಳು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಜ್ವರವೆಂದು ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದೆವು, ಅಲ್ಲಿಂದ ವಾಪಸ್ ಬರಲಿಲ್ಲ. ಅವಳ ಫೋನನ್ನು ಅವಳ ಮಗ ತೆಗೆದುಕೊಂಡು ಹೋಗಿ ಎಲ್ಲ ಅಳಿಸಿ ಹೊಸದು ಮಾಡಿಕೊಂಡ. ಅವಳು ಆರಿಸಿಟ್ಟಿದ್ದ ಹಾಡುಗಳೂ ಅದರ ಜೊತೆ ಹೋದವು.

ಬೇಸಿಗೆಯಲ್ಲಿ ಟೀಚರು ಖಾನಾವಳಿಗೆ ಬಂದಳು.

"ಆಂಟಿ, ನಾನು ಹಾಕೋ ಹಾಡು ದೊಡ್ಡೋರ ಕಾಲಿಗೆ ಹೊಂದ್ತಿಲ್ಲ. ಒಬ್ಬೊಬ್ರೇ ಬರೋದು ಬಿಡ್ತಿದಾರೆ. ನೀವು ಆರಿಸಿಕೊಡಿ. ಇಲ್ಲಾಂದ್ರೆ ಆ ಅರ್ಧ ಗಂಟೆ ನಿಲ್ಲಿಸಬೇಕಾಗುತ್ತೆ."

ಅಕ್ಕನದು ಅಂತ ಈ ಊರಿನಲ್ಲಿ ಉಳಿದದ್ದು ಆ ಅರ್ಧ ಗಂಟೆ ಮಾತ್ರ ಅನ್ನಿಸಿತು. ಹೂಂ ಅಂದೆ.

ನಿಧಾನದ ಹಾಡು ಅಂದರೆ ನನಗೆ ಗೊತ್ತಿದ್ದದ್ದು ಒಂದೇ. ಮಠದಲ್ಲಿ ಕೇಳಿ ಬೆಳೆದ ವಚನ ಗಾಯನ. ಹಾರ್ಮೋನಿಯಂ, ತಬಲ, ಅವಸರವಿಲ್ಲದ ದನಿ. ತಾಳ ಇದೆ, ನಿಧಾನವೂ ಇದೆ, ಇನ್ನೇನು ಬೇಕು? ಮುಂದಿನ ಭಾನುವಾರ ಅದನ್ನೇ ಹಾಕಿಸಿದೆ.

ಮೊದಲ ಸಾಲು ಮುಗಿಯುವಷ್ಟರಲ್ಲಿ ಕುಣಿತ ನಿಂತಿತು. ನಿವೃತ್ತ ಲೈನ್‌ಮ್ಯಾನ್ ಒಬ್ಬರು ಹೆಂಡತಿಯ ಕೈ ಬಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಹೆಂಡತಿ ತಲೆಯ ಮೇಲೆ ಸೆರಗು ಎಳೆದುಕೊಂಡು ಕೈ ಮುಗಿದರು. ಅವರನ್ನು ನೋಡಿ ಉಳಿದವರೂ ಕೂತರು. ಟೀಚರು ಮಾತ್ರ ಒಂದು ಕಾಲು ಮುಂದಿಟ್ಟು ಹಾಗೇ ನಿಂತಿದ್ದಳು.

"ಏನ್ರೀ ಇದು, ಮಂಗಳಾರತಿ ತಟ್ಟೆ ಒಂದು ಬಾಕಿ ಐತೆ ನೋಡ್ರಿ," ಅಂದರು ಲೈನ್‌ಮ್ಯಾನ್.

"ನೀವು ಸುಮ್ನೆ ಕುಂತ್ಕಳ್ರಿ," ಎಂದು ಅವರನ್ನು ಗದರಿದ ಹೆಂಡತಿ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ಇದು ನಿಮ್ಮಕ್ಕನ ಶಿವಗಣಾರಾಧನೆ ದಿನ ಹಚ್ಚಿದ್ದಲ್ಲೇನವ್ವ?"

ಹೌದು, ಅಕ್ಕನ ಸಾವಿನ ಕಾರ್ಯಕ್ಕೆ ಹಾಕಿದ್ದು ಅದೇ. ಅದು ನನಗೆ ಹೊಳೆದೇ ಇರಲಿಲ್ಲ. ತಿಂಗಳುಗಳಿಂದ ನನ್ನ ಕಿವಿಯಲ್ಲಿ ಇದ್ದದ್ದು ಆ ಹಾಡೊಂದೇ. ಕೈಗೆ ಸಿಕ್ಕಿದ್ದೂ ಅದೇ. ಆ ಸಂಜೆ ಯಾರೂ ಕುಣಿಯಲಿಲ್ಲ. ಕೆಳಗಿನಿಂದ ಬರುವ ಕೊಬ್ಬರಿ ವಾಸನೆಯಲ್ಲಿ ಕೂತು ಅಕ್ಕನ ಬಗ್ಗೆ ಮಾತಾಡಿ ಮನೆಗೆ ಹೋದೆವು.

ಮರುದಿನ ಟೀಚರು ನನ್ನ ಫೋನಿಗೆ ರಾಶಿ ಹಾಡು ಕಳಿಸಿದಳು. ಒಲೆಯ ಪಕ್ಕದ ಗೂಡಿನಲ್ಲಿ ಸಣ್ಣ ಸ್ಪೀಕರ್ ಇಟ್ಟು ರೊಟ್ಟಿ ತಟ್ಟುತ್ತಾ ಕೇಳಿದೆ. ಇಂಗ್ಲಿಷ್ ಮಾತು ಅರ್ಥವಾಗುವುದಿಲ್ಲ, ಅದೇ ಒಳ್ಳೆಯದಾಯಿತು. ಕೆಲವು ಹಾಡು ಎಷ್ಟು ನಿಧಾನವೆಂದರೆ ಎತ್ತಿದ ಕಾಲು ಎಲ್ಲಿ ಇಡಬೇಕೆಂದು ತಿಳಿಯದು. ಕೆಲವು ಮೆಲ್ಲಗೆ ಶುರುವಾಗಿ ನಡುವೆ ಓಟ ಕೀಳುತ್ತವೆ. ಲೈನ್‌ಮ್ಯಾನ್ ಹೆಂಡತಿಯ ಮಂಡಿ ಅದಕ್ಕೆ ಒಪ್ಪುವುದಿಲ್ಲ. ಕೆಲವು ಬರೀ ಅಳು. ನಿಧಾನಕ್ಕೂ ಅಳುವಿಗೂ ಇರುವ ವ್ಯತ್ಯಾಸ ನನಗೆ ಆವರೆಗೆ ತಿಳಿದಿರಲಿಲ್ಲ.

ಒಂದು ಬೆಳಿಗ್ಗೆ ನನ್ನ ಕೈಯೇ ಹೇಳಿತು. ರೊಟ್ಟಿ ತಟ್ಟುವಾಗ ಎಲ್ಲ ಏಟೂ ಒಂದೇ ಸಮ ಬೀಳುವುದಿಲ್ಲ. ಒಂದು ಗಟ್ಟಿ ಏಟು, ಕೊಂಚ ಎಳೆದು. ಅದರ ಬೆನ್ನಿಗೆ ಒಂದು ಹಗುರ ಏಟು, ಅದರಲ್ಲೇ ರೊಟ್ಟಿ ತಿರುಗುತ್ತದೆ. ತಟ್... ಟ, ತಟ್... ಟ. ಅಕ್ಕ ಹೋದ ಮೇಲೆ ನನ್ನ ಏಟು ಮಣ್ಣು ಬಡಿದಂತೆ ಆಗಿತ್ತು, ಅಂಚು ಸೀಳುತ್ತಿತ್ತು. ಆ ಬೆಳಿಗ್ಗೆ ಬಂದ ಹಾಡಿನಲ್ಲಿ ದೊಡ್ಡ ಪಿಟೀಲಿನಂಥ ವಾದ್ಯವೊಂದು ಗುಂ ಗುಂ ಎನ್ನುತ್ತಿತ್ತು, ಅದರ ಮೇಲೆ ಪೊರಕೆಯಿಂದ ಗುಡಿಸಿದಂಥ ಸದ್ದು. ನನಗೆ ಗೊತ್ತಿಲ್ಲದೆಯೇ ಕೈ ಅದರ ಜೊತೆ ಹೊರಟಿತ್ತು. ರೊಟ್ಟಿ ದುಂಡಗೆ, ಅಂಚು ಸೀಳದೆ ಬಂತು.

ಆಮೇಲೆ ಆರಿಸುವುದು ಸುಲಭವಾಯಿತು. ಕೈಗೆ ಒಗ್ಗಿದ್ದು ಉಳಿಸಿಕೊಂಡೆ, ರೊಟ್ಟಿ ಕೆಡಿಸಿದ್ದು ಬಿಟ್ಟೆ. ಅಕ್ಕ ಹೀಗೆ ಆರಿಸುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ಅವಳು ಒಲೆ ಮುಂದೆ ಕೂರುತ್ತಿದ್ದದ್ದೇ ಅಪರೂಪ. ತಟ್ಟೆ ಹಿಡಿದು ಮೇಜುಗಳ ನಡುವೆ ನಡೆಯುವಾಗ ಅವಳ ಕಾಲಿಗೆ ತಿಳಿಯುತ್ತಿತ್ತೇನೋ. ಕೇಳೋಣವೆಂದರೆ ಅವಳಿಲ್ಲ. ಇವು ನನ್ನ ಹಾಡುಗಳು ಅಂದುಕೊಂಡೆ, ಸ್ವಲ್ಪ ಸಂಕೋಚದಿಂದ.

ಮುಂದಿನ ಭಾನುವಾರ ನನ್ನ ಮೊದಲ ಹಾಡು ಶುರುವಾದಾಗ ಗೋಡೆಗೆ ಒರಗಿ ನಿಂತಿದ್ದೆ. ಲೈನ್‌ಮ್ಯಾನ್ ತಲೆ ಆಡಿಸಿದರು. "ಇದು ಕರೆಕ್ಟ್ ಐತೆ. ಕಾಲು ತಾನೇ ಹೋಗ್ತೈತೆ." ಬರುವುದು ಬಿಟ್ಟಿದ್ದವರಲ್ಲಿ ಇಬ್ಬರು ಬಂದಿದ್ದರು. ಅವರೂ ಎದ್ದರು.

ಲೈನ್‌ಮ್ಯಾನ್ ಹೆಂಡತಿ ಗಂಡನನ್ನು ಬಿಟ್ಟು ನನ್ನ ಕಡೆ ಬಂದರು. "ಇವರು ನನ್ನ ಕಾಲು ತುಳೀತಾರೆ. ನೀನು ಬಾರವ್ವ, ನಡೆಸು."

"ನನಗೆ ನಡೆಸೋಕೆ ಬರಲ್ರಿ. ಅಕ್ಕನೇ ನಡೆಸ್ತಿದ್ದದ್ದು."

"ಹಾಡು ಆರಿಸಾಕೆ ಬಂತಲ್ಲ? ಹೋಗಾಣ ಬಾ."

ಅವರ ಕೈ ಹಿಡಿದೆ. ಒತ್ತಿ ಹಿಡಿಯಬಾರದು, ಬಿಡಲೂ ಬಾರದು. ಅಕ್ಕನ ಕೈ ಹೇಗಿರುತ್ತಿತ್ತೆಂದು ನನ್ನ ಕೈಗೆ ಗೊತ್ತಿತ್ತು. ಗುಂ ಎಂದಾಗ ಕಾಲು ಎಳೆದು ಇಟ್ಟೆ, ಅದರ ಬೆನ್ನಿಗೆ ಹಗುರವಾಗಿ ಇನ್ನೊಂದು. ಎಡಕ್ಕೋ ಬಲಕ್ಕೋ ಎಂದು ಒಮ್ಮೆ ಗೊಂದಲವಾಗಿ ಇಬ್ಬರೂ ಗೋಡೆಗೆ ಹೋಗಿ ತಾಗಿದೆವು. ಅವರು ಜೋರಾಗಿ ನಕ್ಕರು.

"ನಿಲ್ಲಿಸಬ್ಯಾಡ," ಅಂದರು.

ನಿಲ್ಲಿಸಲಿಲ್ಲ. ಹಾಡು ಇನ್ನೂ ಅರ್ಧ ಉಳಿದಿತ್ತು.